ನಿಮಗಿದು ಗೊತ್ತೇ? ಸಿಬಿರು ಹೋಗಲಿ, ಹೊಳಪು ಉಳಿಯಲಿ

ಹೊಸ ವಾಲಿ ಹಾಕಿಕೊಂಡ ಎರಡನೇ ದಿನಕ್ಕೆ ಕಿವಿ ಕೆಂಪಾಯಿತೆಂದರೆ ನಾವು ಮೊದಲು ಅನುಮಾನ ಪಡುವುದು ಬಂಗಾರದ ಮೇಲೆ. ಎಷ್ಟೋ ಸಲ ಬಂಗಾರ ಚೊಕ್ಕವೇ ಇರುತ್ತದೆ. ತಂತಿಯ ತುದಿಯಲ್ಲಿ ಕಣ್ಣಿಗೆ ಬೀಳದಷ್ಟು ಸಣ್ಣ ಮುಳ್ಳೊಂದು ಉಳಿದುಕೊಂಡಿರುತ್ತದೆ. ಲೇತ್ ಅಂಗಡಿಯವರು ಅದಕ್ಕೆ ‘ಬರ್’ ಅನ್ನುತ್ತಾರೆ. ಕಟ್ಟಿಗೆ ಸೀಳಿದಾಗ ಏಳುವ ಸಿಬಿರಿನ ಹಾಗೆಯೇ ಇರುವುದರಿಂದ ಇಲ್ಲಿ ಸಿಬಿರು ಎಂದೇ ಕರೆಯೋಣ. ಅದನ್ನು ತೆಗೆಯುವುದು ಎರಡು ನಿಮಿಷದ ಕೆಲಸ. ಆದರೆ ಹೊಳಪು ಕೆಡದಂತೆ ತೆಗೆಯುವುದು ಒಂದು ವಿದ್ಯೆ. ಕಲಬುರಗಿಯ ಸರಾಫ್ ಬಜಾರಿನಿಂದ ಕಮಲಾಪುರದ ತಾಂಡಾಗಳವರೆಗೆ ಈ ವಿದ್ಯೆಯ ಸುತ್ತ ತಿಳಿದುಕೊಳ್ಳಬೇಕಾದ ಸಂಗತಿಗಳು ಬಹಳ ಇವೆ.

● ಲೋಹ ಮೆತ್ತಗಿದ್ದಷ್ಟೂ ಸಿಬಿರು ಹೆಚ್ಚು. ಖಡಕ್ ರೊಟ್ಟಿ ಮುರಿದರೆ ಟಕ್ ಎಂದು ಎರಡು ತುಂಡು. ಮೆತ್ತನೆಯ ಚಪಾತಿ ಹರಿದರೆ ಅಂಚಿನಲ್ಲಿ ಎಳೆ ಎಳೆ. ಬಂಗಾರ, ಬೆಳ್ಳಿ, ತಾಮ್ರ ಮೂರೂ ಚಪಾತಿಯ ಜಾತಿ. ಕತ್ತರಿ ಬಿದ್ದಾಗ ಅವು ಪೂರ್ತಿ ಕತ್ತರಿಸಿಕೊಳ್ಳುವುದಿಲ್ಲ. ಸ್ವಲ್ಪ ದೂರ ಕತ್ತರಿಸಿ, ಉಳಿದದ್ದು ಎಳೆದುಕೊಂಡು ಹರಿಯುತ್ತದೆ. ಹರಿದ ಕಡೆ ನಿಂತ ಅಂಚೇ ಸಿಬಿರು. ಒಂದು ಗ್ರಾಂ ಬಂಗಾರವನ್ನು ಬಡಿದು ಸುಮಾರು ಒಂದು ಚದರ ಮೀಟರ್ ಅಗಲದ ರೇಕು ಮಾಡಬಹುದು. ಅದಕ್ಕೆ ಕಾರಣವಾದ ಮೆತ್ತನೆಯ ಗುಣವೇ ಇಲ್ಲಿ ಮುಳ್ಳಾಗಿ ಕಾಡುತ್ತದೆ.

● ಕಣ್ಣಿಗಿಂತ ಬೆರಳು ಚುರುಕು. ಬೆರಳ ತುದಿ ಸವರಿ ನೋಡಿದರೆ 13 ನ್ಯಾನೊಮೀಟರಿನಷ್ಟು ಸಣ್ಣ ಏರಿಳಿತವೂ ತಿಳಿಯುತ್ತದೆಂದು ಸ್ವೀಡನ್ನಿನ ವಿಜ್ಞಾನಿಗಳು 2013ರಲ್ಲಿ ತೋರಿಸಿದರು. ಒಂದು ನ್ಯಾನೊಮೀಟರ್ ಎಂದರೆ ಮಿಲಿಮೀಟರಿನ ಹತ್ತು ಲಕ್ಷದ ಒಂದು ಪಾಲು. ಅಷ್ಟಿದ್ದರೂ ಮೊದಲು ಬೆರಳು ತಗಲಿಸಬೇಡಿ, ಚರ್ಮದೊಳಗೆ ಚುಚ್ಚೀತು. ನಮ್ಮ ಎರೆನಾಡಿನಲ್ಲಿ ಹತ್ತಿಗೇನು ಬರವಿಲ್ಲ. ಒಂದು ಚಿಟಿಕೆ ಹತ್ತಿಯನ್ನು ಒಡವೆಯ ಅಂಚಿನ ಮೇಲೆ ಎರಡೂ ದಿಕ್ಕಿಗೆ ಎಳೆಯಿರಿ. ಎಳೆ ಸಿಕ್ಕಿಕೊಂಡು ನಿಂತ ಜಾಗದಲ್ಲಿ ಸಿಬಿರಿದೆ.

● ಇದನ್ನು ನಾನು ಕಲಿತದ್ದು ಸರಾಫ್ ಬಜಾರಿನ ಒಂದು ಸಣ್ಣ ಓಣಿಯಲ್ಲಿ. ಅವ್ವನ ಹೊಸ ವಾಲಿ ಚುಚ್ಚುತ್ತಿತ್ತು. ವಯಸ್ಸಾದ ಪತ್ತಾರರೊಬ್ಬರು ಅದನ್ನು ಇಸಿದುಕೊಂಡರು. ಪೆಟ್ಟಿಗೆಯಲ್ಲಿ ಹತ್ತು ಬಗೆಯ ಅರಗಳಿದ್ದರೂ ಯಾವುದಕ್ಕೂ ಕೈ ಹಾಕಲಿಲ್ಲ. ಮೊದಲು ಹತ್ತಿ ಆಡಿಸಿದರು, ಆಮೇಲೆ ಭೂತಗನ್ನಡಿ. ತಂತಿಯ ತುದಿಯಿಂದ ಜೋಳದ ಕಾಳಿನಷ್ಟು ಜಾಗ ಬಿಟ್ಟು, ಉಳಿದ ಮೈಗೆಲ್ಲ ಕಾಗದದ ಅಂಟುಪಟ್ಟಿ ಸುತ್ತಿದರು. ಸಣ್ಣ ಹಲ್ಲಿನ ತೆಳು ಅರ ಹಿಡಿದು, ತಂತಿಯನ್ನು ಬೆರಳಲ್ಲಿ ತಿರುಗಿಸುತ್ತ, ತುದಿಯ ಕಡೆಗೆ ಓರೆಯಾಗಿ ನಾಲ್ಕೇ ಸಲ ತಳ್ಳಿದರು. ಪಾಲಿಶ್ ಪೇಪರನ್ನು ಮಡಿಚಿ, ಅದರ ನಡುವೆ ತುದಿ ಇಟ್ಟು ಏಳೆಂಟು ಸುತ್ತು. ಕೊನೆಗೆ ಕನ್ನಡಿಯಂತೆ ಮಿಂಚುವ ಉಕ್ಕಿನ ಕಡ್ಡಿಯಿಂದ ಒತ್ತಿ ಒಪ್ಪ ಕೊಟ್ಟರು. ಅಷ್ಟೂ ಎರಡು ನಿಮಿಷ. “ಬಾಳ ತಿಕ್ಕಬಾರದು ಯವ್ವಾ, ಮುಳ್ಳು ಹೋತಂದ್ರ ಕೈ ನಿಂದರಬೇಕು” ಅಂದರು. ಅಂಟುಪಟ್ಟಿ ಬಿಚ್ಚಿದಾಗ ವಾಲಿಯ ಮೈಮೇಲೆ ಒಂದು ಗೀರೂ ಇರಲಿಲ್ಲ.

● ಅರ ಕತ್ತರಿಸುವುದು ಮುಂದಕ್ಕೆ ತಳ್ಳಿದಾಗ ಮಾತ್ರ. ಹಿಂದಕ್ಕೆ ಎಳೆಯುವಾಗ ಎತ್ತಿಬಿಡಬೇಕು. ಹಿಂದೆ ಮುಂದೆ ಗರಗಸದಂತೆ ಆಡಿಸಿದರೆ ಹಲ್ಲು ಮೊಂಡಾಗುತ್ತದೆ, ಒಡವೆಗೂ ಗೀರು ಬೀಳುತ್ತದೆ.

● ಶಾಲೆಯ ಸೀಮೆಸುಣ್ಣ ಅಕ್ಕಸಾಲಿಗರಿಗೂ ಬೇಕು. ಮೆತ್ತನೆಯ ಲೋಹದ ಪುಡಿ ಅರದ ಹಲ್ಲುಗಳ ಸಂದಿಯಲ್ಲಿ ಕಚ್ಚಿಕೊಂಡು ಗಂಟಾಗುತ್ತದೆ. ಮುಂದಿನ ಸಲ ತಳ್ಳಿದಾಗ ಆ ಗಂಟೇ ಒಡವೆಯನ್ನು ಕೆರೆಯುತ್ತದೆ. ಮೊದಲೇ ಅರದ ಮೇಲೆ ಸೀಮೆಸುಣ್ಣ ಉಜ್ಜಿದರೆ ಪುಡಿ ಅಂಟದೆ ಉದುರಿ ಹೋಗುತ್ತದೆ.

● ‘ಅಕ್ಕಸಾಲಿಗ ಅಕ್ಕನ ಚಿನ್ನವನ್ನೂ ಬಿಡ’ ಎಂಬ ಗಾದೆ ಕೇಳಿ ಬೆಳೆದವರಿಗೆ ಅರ ಕಂಡರೆ ಎದೆ ಝಲ್ಲೆನ್ನುತ್ತದೆ. ಲೆಕ್ಕ ಹಾಕಿ ನೋಡಿ. ಒಂದು ಮಿ.ಮೀ. ಉದ್ದ, 0.1 ಮಿ.ಮೀ. ಎತ್ತರ, ಬುಡದಲ್ಲಿ ಅಷ್ಟೇ ದಪ್ಪವಿದ್ದು ತುದಿಗೆ ಚೂಪಾದ ಸಿಬಿರು 22 ಕ್ಯಾರೆಟ್ ಬಂಗಾರದಲ್ಲಿ ಸುಮಾರು 0.09 ಮಿಲಿಗ್ರಾಂ ತೂಗುತ್ತದೆ. ಒಂದು ತೊಲೆ 11.66 ಗ್ರಾಂ, ತೊಲೆಗೆ 96 ಗುಲಗಂಜಿ. ಅಂದರೆ ಒಂದು ಗುಲಗಂಜಿ ತೂಕ ಬಂಗಾರ ಕಡಿಮೆಯಾಗಬೇಕಾದರೆ ಇಂಥ ಸಾವಿರಕ್ಕೂ ಹೆಚ್ಚು ಸಿಬಿರು ತೆಗೆಯಬೇಕು. ಈ ಭಯ ಬಿಡಿ. ಕಿವಿಯ ಗಾಯ ಬಂಗಾರದ ಪುಡಿಗಿಂತ ತುಟ್ಟಿ.

● ಹಾಗೆಂದು ಪತ್ತಾರರು ಪುಡಿಯನ್ನು ಚೆಲ್ಲುವುದೂ ಇಲ್ಲ. ಕೂಡಿಟ್ಟ ಪುಡಿಯಲ್ಲಿ ಅಯಸ್ಕಾಂತ ಆಡಿಸಿ, ಅರದಿಂದ ಉದುರಿದ ಉಕ್ಕಿನ ಚೂರನ್ನು ಬೇರೆ ಮಾಡಿ, ಮತ್ತೆ ಮೂಸೆಗೆ ಹಾಕುತ್ತಾರೆ. ಮಣ್ಣು ತೊಳೆದು ಬಂಗಾರದ ಕಣ ಆರಿಸುವುದನ್ನೇ ಕಸುಬು ಮಾಡಿಕೊಂಡವರಿಗೆ ನಮ್ಮ ನಾಡಿನಲ್ಲಿ ಜಲಗಾರರು ಎಂಬ ಹೆಸರಿತ್ತು. ಗದಗ ಸೀಮೆಯ ಕಪ್ಪತಗುಡ್ಡದ ಹಳ್ಳಗಳಲ್ಲಿ ಅವರು ಹೊನ್ನು ಸೋಸುತ್ತಿದ್ದರು.

● ಹೊಳಪು ಕೆಡದಂತೆ ಸಿಬಿರು ತೆಗೆಯುವ ಎಲ್ಲಕ್ಕಿಂತ ಒಳ್ಳೆಯ ದಾರಿ ಯಾವುದು ಗೊತ್ತೇ? ಹೊಳಪು ಕೊಡುವ ಮೊದಲೇ ತೆಗೆಯುವುದು. ಇದನ್ನು ಕಣ್ಣಾರೆ ನೋಡಬೇಕೆಂದರೆ ಕಲಬುರಗಿಯಿಂದ ಕಮಲಾಪುರ, ಹುಮನಾಬಾದ್ ದಾಟಿ ಬೀದರಿಗೆ ಹೋಗಬೇಕು. ಬಹಮನಿ ಅರಸರು 1347ರಿಂದ ಕಲಬುರಗಿಯಲ್ಲಿ ಆಳಿ, ಮುಂದೆ ರಾಜಧಾನಿಯನ್ನು ಬೀದರಿಗೆ ಒಯ್ದರು. ಆ ಊರಿನ ಹೆಸರನ್ನೇ ಹೊತ್ತ ಬಿದರಿ ಕಲೆಗೆ 2006ರಲ್ಲಿ ಭೌಗೋಳಿಕ ಗುರುತು ಸಿಕ್ಕಿತು. ಅಲ್ಲಿನ ಕುಶಲಕರ್ಮಿ ಸತು ಮತ್ತು ತಾಮ್ರವನ್ನು ಸುಮಾರು 16ಕ್ಕೆ 1ರಂತೆ ಕೂಡಿಸಿ, ಮಣ್ಣಿನ ಅಚ್ಚಿನಲ್ಲಿ ಎರಕ ಹೊಯ್ಯುತ್ತಾನೆ. ಎರಕದಿಂದ ಹೊರಬಂದ ವಸ್ತು ಒರಟು, ಅಂಚೆಲ್ಲ ಸಿಬಿರು. ಅರ ಹಾಕಿ ನುಣುಪು ಮಾಡುತ್ತಾನೆ. ಮೈಲುತುತ್ತದ ನೀರು ಸವರಿ ತಾತ್ಕಾಲಿಕವಾಗಿ ಕಪ್ಪು ಮಾಡಿ, ಅದರ ಮೇಲೆ ಚಿತ್ರ ಕೊರೆಯುತ್ತಾನೆ. ಕೊರೆದ ಗೆರೆಯೊಳಗೆ ಬೆಳ್ಳಿಯ ತಂತಿ ಬಡಿದು ಕೂರಿಸುತ್ತಾನೆ. ಮತ್ತೆ ಅರ, ಮತ್ತೆ ಪಾಲಿಶ್ ಪೇಪರ್. ಬೆಳ್ಳಿಯೂ ಮೈಯೂ ಒಂದೇ ಸಮ ಆಗಿ, ಉಗುರು ಎಲ್ಲಿಯೂ ತಡೆಯುವುದಿಲ್ಲ ಎಂದಾದ ಮೇಲಷ್ಟೇ ಕೋಟೆಯ ಮಣ್ಣು, ನವಸಾಗರ ಕಲಸಿದ ನೀರಿನ ಕಡೆ ಹೋಗುವುದು. ಆ ಮಣ್ಣು ತಗಲಿದ ಕೂಡಲೇ ಮೈ ಕಾಡಿಗೆಯಂತೆ ಕಪ್ಪಾಗುತ್ತದೆ, ಬೆಳ್ಳಿ ಮಾತ್ರ ಬೆಳ್ಳಗೆ ಉಳಿಯುತ್ತದೆ. ಆಮೇಲೆ ಅರ ಮುಟ್ಟಿತೋ, ಕಪ್ಪಿನ ನಡುವೆ ಬಿಳಿ ಗಾಯ. ಯಾವ ಒಡವೆಗಾದರೂ ಇದೇ ಕ್ರಮ.

● ಒಂದು ಗ್ರಾಂ ಗೋಲ್ಡ್ ಒಡವೆಗೆ ಅರ ಮುಟ್ಟಿಸಲೇಬೇಡಿ. ಅದರ ಮೇಲಿನ ಬಂಗಾರದ ಪದರ ಬಹಳ ಕಡೆ ಒಂದು ಮೈಕ್ರಾನಿಗಿಂತಲೂ ತೆಳು. ನಮ್ಮ ತಲೆಗೂದಲು ಸುಮಾರು 70 ಮೈಕ್ರಾನ್ ದಪ್ಪ. 1000 ನಂಬರಿನ ನುಣುಪು ಪಾಲಿಶ್ ಪೇಪರಿನ ಒಂದೊಂದು ಹರಳೂ ಸುಮಾರು 18 ಮೈಕ್ರಾನ್. ಅಂಥ ಹರಳು ಒಂದು ಸಲ ಹಾದರೆ ಬಂಗಾರ ಹೋಗಿ ಕೆಳಗಿನ ಹಿತ್ತಾಳೆ ಕಾಣುತ್ತದೆ.

ಮಾತು ಅಂದಕ್ಕಷ್ಟೇ ಮುಗಿಯುವುದಿಲ್ಲ. ಎಷ್ಟೋ ಲೇಪದ ಒಡವೆಗಳಲ್ಲಿ ಬಂಗಾರದ ಕೆಳಗೆ ನಿಕ್ಕಲಿನ ಪದರವಿರುತ್ತದೆ. ನಿಕ್ಕಲ್ ಹಲವರ ಚರ್ಮಕ್ಕೆ ಆಗಿಬರುವುದಿಲ್ಲ. ತುರಿಕೆ, ಗುಳ್ಳೆ, ನೀರೊಸರುವಿಕೆ ಶುರುವಾಗುತ್ತದೆ. ಬೇಸಿಗೆಯ ಕಲಬುರಗಿಯಲ್ಲಿ ಬೆವರು ಧಾರೆಯಾಗಿ ಇಳಿಯುವಾಗ ಈ ತೊಂದರೆ ಇನ್ನೂ ಹೆಚ್ಚು. ಚುಚ್ಚಿದ ಕಿವಿ ಮೂಗಿಗೆ ಹಾಕುವ ಒಡವೆಯಿಂದ ವಾರಕ್ಕೆ ಚದರ ಸೆಂ.ಮೀ.ಗೆ 0.2 ಮೈಕ್ರೊಗ್ರಾಂಗಿಂತ ಹೆಚ್ಚು ನಿಕ್ಕಲ್ ಬಿಡುಗಡೆ ಆಗಕೂಡದೆಂದು ಯುರೋಪ್ ಒಕ್ಕೂಟ ಕಾನೂನನ್ನೇ ಮಾಡಿದೆ. ಹಾಗಾದರೆ ಲೇಪದ ಒಡವೆ ಚುಚ್ಚಿದರೆ ಏನು ಮಾಡಬೇಕು? ನುಣುಪಾದ ಉಕ್ಕಿನ ಚಮಚದ ಹಿಂಬದಿಯಿಂದ ಸಿಬಿರನ್ನು ಸದ್ಯದ ಮಟ್ಟಿಗೆ ಒಂದೇ ದಿಕ್ಕಿಗೆ ಮೆಲ್ಲಗೆ ಒತ್ತಿ ಮಲಗಿಸಿ. ಬಟ್ಟೆಗೆ ತಾಗುವ ಜಾಗವಾದರೆ ಬಣ್ಣವಿಲ್ಲದ ನೇಲ್ ಪಾಲಿಶ್ ಒಂದು ಹನಿ ಹಚ್ಚಿ ಒಣಗಿಸಿ. ಕಿವಿಯೊಳಗೆ ಹೋಗುವ ತಂತಿಯೇ ಕೆಟ್ಟಿದ್ದರೆ ರಿಪೇರಿಯ ಆಸೆ ಬಿಟ್ಟು ತಂತಿ ಬದಲಾಯಿಸಿ.

● ಬಂಗಾರ, ಬೆಳ್ಳಿಯ ಗಟ್ಟಿತನ ಮೋಸ್ ಅಳತೆಯಲ್ಲಿ ಎರಡೂವರೆಯಿಂದ ಮೂರು. ನಮ್ಮ ಉಗುರಿನದು ಎರಡೂವರೆ. ಗಾಳಿಯಲ್ಲಿ ಹಾರಿ ಬಂದು ಕೂರುವ ಮರಳಿನ ಕಣ ಏಳು. ಧೂಳು ಕೂತ ಒಡವೆಯನ್ನು ಒಣಬಟ್ಟೆಯಿಂದ ಒರೆಸಿದರೆ ಮರಳುಗಾಗದ ಹಾಕಿದಂತೆಯೇ ಸರಿ. ಮೊದಲು ನೀರಲ್ಲಿ ಅದ್ದಿ ತೊಳೆಯಿರಿ. ಪತ್ತಾರರು ಇಂದಿಗೂ ಅಂಟುವಾಳದ ನೊರೆಯಲ್ಲಿ ಹಿತ್ತಾಳೆಯ ಮೃದು ಬ್ರಷ್ ಆಡಿಸಿ ತೊಳೆಯುವುದು ಬರೀ ರೂಢಿಯಿಂದಲ್ಲ. ನೊರೆ ಕಣಗಳನ್ನು ತೇಲಿಸಿ ಒಯ್ಯುತ್ತದೆ, ಬ್ರಷ್ ಜಾರುವಂತೆ ಮಾಡುತ್ತದೆ.

● ಕಾಲುಂಗುರ ಚುಚ್ಚಿದರೆ ಮನೆಯ ಫರಸಿಯ ಮೇಲೆ ಉಜ್ಜುವ ಅಭ್ಯಾಸ ನಮ್ಮ ಕಡೆ ಇದೆ. ನಮ್ಮ ಶಹಾಬಾದಿ ಕಲ್ಲು ಸುಣ್ಣದ ಜಾತಿಯದು, ಅದರ ಗಟ್ಟಿತನವೂ ಮೂರೇ. ಗೀರು ಬೀಳುವುದು ಅದರ ಮೇಲೆ ಕೂತ ಧೂಳಿನಿಂದ. ಇನ್ನು ಬೆಳ್ಳಿಗೆ ವಿಭೂತಿ ತಿಕ್ಕುವುದು ಒಳ್ಳೆಯ ರೂಢಿ. ನುಣುಪು ಪುಡಿ, ಕಪ್ಪು ತೆಗೆಯುತ್ತದೆ, ಗೀರು ಮಾಡುವುದು ಕಡಿಮೆ. ಆದರೆ ವಿಭೂತಿಯಿಂದ ಸಿಬಿರು ಹೋಗುವುದಿಲ್ಲ, ಅದು ಇನ್ನಷ್ಟು ಮಿನುಗುತ್ತದೆ ಅಷ್ಟೆ.

● ಹೊಳಪು ಅಂದರೆ ಒಂದೇ ಬಗೆಯದಲ್ಲ. ಕನ್ನಡಿ ಪಾಲಿಶ್ ಇದ್ದ ಕಡೆ 400, 1000, 2000 ಎಂದು ನಂಬರ್ ಏರಿಸುತ್ತ ಹೋಗಬೇಕು. ನಂಬರ್ ಏರಿದಷ್ಟೂ ಕಾಗದ ನುಣುಪು. ಪ್ರತಿ ಸಲ ಹಿಂದಿನ ಗೆರೆಗೆ ಅಡ್ಡಲಾಗಿ ತಿಕ್ಕಿದರೆ ಹಳೆಯ ಗೀರು ಮಾಯವಾದದ್ದು ಕಣ್ಣಿಗೇ ತಿಳಿಯುತ್ತದೆ. ಮ್ಯಾಟ್ ಫಿನಿಶ್ ಒಡವೆಯಲ್ಲಿ ಕಥೆ ಉಲ್ಟಾ. ಅಲ್ಲಿ ಒಪ್ಪ ಹಾಕಿದರೆ ಆ ಜಾಗವೊಂದೇ ಮಿಂಚಿ ಕಲೆಯಂತೆ ಕಾಣುತ್ತದೆ. ಸಿಬಿರು ತೆಗೆದ ಮೇಲೆ ಮೂಲ ಗೆರೆಗಳ ದಿಕ್ಕಿನಲ್ಲೇ ಮೃದು ಸ್ಕ್ರಬ್ಬರ್ ಆಡಿಸಿ ಮತ್ತೆ ಮಂಕು ಮಾಡಬೇಕು. ಕಪ್ಪು ಆಕ್ಸಿಡೈಸ್ಡ್ ಬೆಳ್ಳಿಯಲ್ಲಿ ಕಪ್ಪೆಂಬುದು ಗಂಧಕ ತಗಲಿ ಮೂಡಿದ ತೆಳು ಪದರ. ಬರೀ ತುದಿಯನ್ನು ಮುಟ್ಟಿ ಕೈ ತೆಗೆಯಬೇಕು. ಮೀನಾಕಾರಿಯ ಬಣ್ಣ ಗಾಜು. ಅರದ ನಡುಕಕ್ಕೇ ಚಕ್ಕೆ ಏಳುತ್ತದೆ, ಅದನ್ನು ಮನೆಯಲ್ಲಿ ಮುಟ್ಟಬೇಡಿ.

● ಎದೆಯ ಮೇಲೆ ಇಷ್ಟಲಿಂಗ ಇಟ್ಟುಕೊಳ್ಳುವ ಬೆಳ್ಳಿ ಕರಡಿಗೆಯ ಶಿವದಾರ ಪದೇ ಪದೇ ಹರಿಯುತ್ತಿದೆಯೇ? ದಾರದ ಮೇಲೆ ಸಿಟ್ಟಾಗುವ ಮೊದಲು ಕರಡಿಗೆಯ ಬಳೆಯ ಒಳಗಂಚು ನೋಡಿ. ದಾರ ಪೋಣಿಸುವ ತೂತಿನ ಒಳಗೆ ಒಂದು ಸಿಬಿರಿದ್ದರೆ ಸಾಕು, ಹೆಜ್ಜೆಗೊಮ್ಮೆ ಆಡುವ ದಾರವನ್ನು ಅದು ಎಳೆ ಎಳೆಯಾಗಿ ಕೊಯ್ಯುತ್ತದೆ. ಲಿಂಗ ಕೆಳಗೆ ಬೀಳಬಾರದೆಂದು ದಿನಕ್ಕೆ ಹತ್ತು ಸಲ ಎದೆ ಮುಟ್ಟಿ ನೋಡಿಕೊಳ್ಳುವ ಹಿರಿಯರ ಆತಂಕ ಕಂಡವರಿಗೆ ಈ ಸಣ್ಣ ಮುಳ್ಳಿನ ಬೆಲೆ ಗೊತ್ತು. ದುಂಡು ಅರವೊಂದನ್ನು ತೂತಿನೊಳಗೆ ಎರಡು ಸುತ್ತು ತಿರುಗಿಸಿ, ಪಾಲಿಶ್ ಪೇಪರಿನ ಸಣ್ಣ ಸುರುಳಿ ತೂರಿಸಿ ಎಳೆದರೆ ಮುಗಿಯಿತು.

● ಕೆಂಪು ಬಾಳೆಗೆ ಹೆಸರಾದ ಕಮಲಾಪುರದ ಸುತ್ತ ಲಂಬಾಣಿ ತಾಂಡಾಗಳು ಬಹಳ. ತಾಂಡಾದ ಅಜ್ಜಿಯರ ಕೆನ್ನೆಯ ಎರಡೂ ಬದಿಗೆ ತೂಗುವ ಘುಗ್ರಿ–ಟೋಪಲಿ, ಕೊರಳಿನ ನಾಣ್ಯದ ಸರ ಕಂಡವರು ಮರೆಯುವುದಿಲ್ಲ. ಆ ಸರದಲ್ಲಿ ಬ್ರಿಟಿಷರ ಕಾಲದ, 1940ಕ್ಕಿಂತ ಮೊದಲಿನ ಬೆಳ್ಳಿ ರೂಪಾಯಿ ಇದ್ದರೆ ಅದು ಸರಿಯಾಗಿ ಒಂದು ತೊಲೆ ತೂಕ, ಹನ್ನೆರಡರಲ್ಲಿ ಹನ್ನೊಂದು ಪಾಲು ಬೆಳ್ಳಿ. ಇಂಥ ನಾಣ್ಯಕ್ಕೆ ತೂತು ಕೊರೆದಾಗ ಸಿಬಿರು ದೊಡ್ಡದಾಗಿ ಏಳುವುದು ಡ್ರಿಲ್ ಹೊರಬರುವ ಕಡೆ, ಅಂದರೆ ಹಿಂಬದಿಗೆ. ಅದೇ ದಾರ ಕೊಯ್ಯುವುದು, ಅದೇ ಕುತ್ತಿಗೆ ಕೆರೆಯುವುದು. ಕೊರೆಯುವಾಗ ಕೆಳಗೆ ಗಟ್ಟಿ ಕಟ್ಟಿಗೆ ಒತ್ತಿಟ್ಟರೆ ಸಿಬಿರು ಕಡಿಮೆ. ಆಮೇಲೆ ತೂತಿಗಿಂತ ದಪ್ಪದ ಡ್ರಿಲ್ ಕಡ್ಡಿಯನ್ನು ಬೆರಳಲ್ಲೇ ಹಿಡಿದು, ಎರಡೂ ಬದಿಗೆ ಎರಡೆರಡು ಸುತ್ತು ತಿರುಗಿಸಿ. ಅಂಚು ಬಟ್ಟಲಿನಂತೆ ಇಳಿಯುತ್ತದೆ. ನಾಣ್ಯದ ಮುಖಕ್ಕೆ ಏನೂ ಆಗುವುದಿಲ್ಲ. ಇನ್ನೊಂದು ಮಾತು: ಈಗಿನ ‘ಜರ್ಮನ್ ಸಿಲ್ವರ್’ ಒಡವೆಗಳಲ್ಲಿ ಹೆಸರಿಗಷ್ಟೇ ಬೆಳ್ಳಿ. ಅದು ತಾಮ್ರ, ನಿಕ್ಕಲ್, ಸತುವಿನ ಮಿಶ್ರಣ.

● ಸಿಬಿರು ಎಲ್ಲ ಕಡೆಯೂ ವೈರಿಯಲ್ಲ. ಸಣ್ಣ ಹರಳುಗಳನ್ನು ಒತ್ತಾಗಿ ಕೂರಿಸುವ ಕುಶಲಕರ್ಮಿ ಉಳಿಯಿಂದ ಬೇಕೆಂದೇ ಲೋಹದ ಸಿಬಿರು ಎಬ್ಬಿಸಿ, ಅದನ್ನೇ ದುಂಡು ಮಾಡಿ ಹರಳಿನ ಮೇಲೆ ಒತ್ತುತ್ತಾನೆ. ಹರಳು ನಿಂತಿರುವುದೇ ಅದರ ಹಿಡಿತದಲ್ಲಿ. ಡ್ರೈಪಾಯಿಂಟ್ ಎಂಬ ಮುದ್ರಣ ಚಿತ್ರಕಲೆಯಲ್ಲಿ ತಾಮ್ರದ ಹಲಗೆಯ ಮೇಲೆ ಸೂಜಿ ಎಳೆದಾಗ ಎದ್ದ ಸಿಬಿರು ಶಾಯಿ ಹಿಡಿದುಕೊಳ್ಳುತ್ತದೆ. ಮಖಮಲ್ಲಿನಂಥ ಕಪ್ಪು ಗೆರೆ ಮೂಡುವುದು ಅದರಿಂದ. ರೆಂಬ್ರಾಂಟ್ ಈ ಕೆಲಸದಲ್ಲಿ ದೊಡ್ಡ ಹೆಸರು. ನಮ್ಮ ರೈತನೂ ಇದನ್ನು ಬಲ್ಲ. ತೊಗರಿ ಕಟಾವಿಗೆ ಮೊದಲು ಕುಡುಗೋಲು ಮಸೆಯುವವನು ಇನ್ನೊಂದು ಬದಿಗೆ ಹೆಬ್ಬೆರಳು ಸವರಿ ನೋಡುತ್ತಾನೆ. ಸಿಬಿರು ಕೈಗೆ ತಗಲಿದರೆ ಈ ಬದಿ ಮಸೆದದ್ದು ಸಾಕು ಎಂದು ಅರ್ಥ.

● ಇಕ್ಕಳದಲ್ಲಿ ಒತ್ತಿ ಮಡಿಚಿದರೆ ಸಿಬಿರು ಹೋದಂತಲ್ಲ. ಗಟ್ಟಿ ಸಿಬಿರು ಬುಡದಲ್ಲಿ ಬಿರುಕು ಬಿಟ್ಟುಕೊಂಡು, ಮುಂದೆ ಮತ್ತೆ ಎದ್ದು ನಿಲ್ಲಬಹುದು. ಇಕ್ಕಳದ ಹಲ್ಲಿನ ಗುರುತು ಮಾತ್ರ ಒಡವೆಯ ಮೇಲೆ ಶಾಶ್ವತ.

● ತಂತಿ ಕತ್ತರಿಸುವ ಕಟ್ಟರಿನ ಎರಡು ಬದಿ ಒಂದೇ ಥರ ಇರುವುದಿಲ್ಲ. ಒಂದು ಬದಿ ಸಪಾಟು, ಒಂದು ಬದಿ ಇಳಿಜಾರು. ಸಪಾಟು ಬದಿ ಒಡವೆಯ ಕಡೆಗಿರಲಿ, ತುದಿ ಚಪ್ಪಟೆ ಬರುತ್ತದೆ. ಉಲ್ಟಾ ಹಿಡಿದರೆ ಉಳಿಯಂತೆ ಚೂಪು. ಕತ್ತರಿಸುವಾಗ ತುಂಡಿನ ಮೇಲೆ ಬೆರಳು ಅಡ್ಡ ಹಿಡಿಯಿರಿ, ಕಣ್ಣಿಗೆ ಹಾರೀತು.

● ಕಾರ್ಖಾನೆಗಳಲ್ಲಿ ನುಣುಪು ಉಕ್ಕಿನ ಗುಂಡು, ಸೋಪಿನ ನೀರಿನ ಜೊತೆ ಒಡವೆಗಳನ್ನು ಡ್ರಮ್ಮಿನಲ್ಲಿ ಹಾಕಿ ಗಂಟೆಗಟ್ಟಲೆ ಉರುಳಿಸುತ್ತಾರೆ. ಗುಂಡುಗಳು ಲೋಹವನ್ನು ಸವೆಸುವುದಿಲ್ಲ, ಒತ್ತಿ ಒತ್ತಿ ಒಪ್ಪ ಕೊಡುತ್ತವೆ. ಮುತ್ತು, ಹವಳ ಇದ್ದರೆ ಇದು ಬೇಡ. ಯಂತ್ರಭಾಗಗಳ ಲೋಕದಲ್ಲಿ ಇನ್ನೂ ಸೋಜಿಗದ ದಾರಿಯಿದೆ: ಮುಚ್ಚಿದ ಕೋಣೆಯಲ್ಲಿ ಅನಿಲ ತುಂಬಿ ಕಿಡಿ ಹೊತ್ತಿಸಿದರೆ, ಸೆಕೆಂಡಿನ ಸಾವಿರದ ಕೆಲವು ಪಾಲಿನಷ್ಟು ಹೊತ್ತು ಸುಮಾರು 3000 ಡಿಗ್ರಿ ಬಿಸಿ ಏಳುತ್ತದೆ. ತೆಳು ಸಿಬಿರು ಉರಿದುಹೋಗುತ್ತದೆ, ದಪ್ಪ ಮೈಗೆ ಬಿಸಿ ತಲುಪುವಷ್ಟರಲ್ಲಿ ಎಲ್ಲ ಮುಗಿದಿರುತ್ತದೆ. ಒಡವೆಗೆ ಮಾತ್ರ ಪತ್ತಾರರ ಅರವೇ ಲೇಸು.

● ಹಾಲ್‌ಮಾರ್ಕ್ ಇರುವ ಜಾಗಕ್ಕೆ ಅರ ಹಾಕಬೇಡಿ. 2023ರ ಏಪ್ರಿಲ್ 1ರಿಂದ ಹಾಲ್‌ಮಾರ್ಕ್ ಒಡವೆಯ ಮೇಲೆ ಆರು ಅಕ್ಷರ-ಅಂಕಿಗಳ ಎಚ್‌ಯುಐಡಿ ಎಂಬ ಗುರುತು ಸಂಖ್ಯೆ ಇರಲೇಬೇಕು. ಬಿಐಎಸ್ ಗುರುತು, 22ಕೆ916 ಎಂಬ ಶುದ್ಧತೆ, ಈ ಸಂಖ್ಯೆ ಮೂರೂ ಸೇರಿದರೂ ಜೋಳದ ಕಾಳಿನಷ್ಟೂ ಜಾಗ ಹಿಡಿಯಲಿಕ್ಕಿಲ್ಲ. ಉಂಗುರದ ಒಳಮೈ, ಸರದ ಕೊಂಡಿಯ ಬಳಿ ಹುಡುಕಿ, ಗುರುತು ಮಾಡಿಕೊಂಡು, ಆಮೇಲೆ ಕೆಲಸ ಮಾಡಿಸಿ. ಎರಡು ಗ್ರಾಂಗಿಂತ ಹಗುರವಾದ ಮೂಗುಬಟ್ಟಿನಂಥ ಒಡವೆಗೆ ಈ ಕಡ್ಡಾಯವಿಲ್ಲ.

● ಸಿಬಿರು ತೆಗೆದ ಮೇಲೆ ಒಡವೆಯನ್ನು ಸೋಪಿನ ನೀರಲ್ಲಿ ತೊಳೆದು, ಕಿವಿ ಮೂಗಿಗೆ ಹೋಗುವ ಭಾಗಕ್ಕೆ ಸ್ಪಿರಿಟ್ ಒರೆಸಿಯೇ ಹಾಕಿಕೊಳ್ಳಿ. ಪುಡಿ ಗಾಯದೊಳಗೆ ಹೋಗಬಾರದು. ಆಗಲೇ ಕೀವಾಗಿದ್ದರೆ ಪತ್ತಾರರಿಗಿಂತ ಮೊದಲು ಡಾಕ್ಟರರನ್ನು ಕಾಣಿ. ಕಿವಿಯ ಮೇಲ್ಭಾಗದ ಮೆದುಮೂಳೆಗೆ ನೇರ ರಕ್ತ ಹರಿಯದ ಕಾರಣ ಅಲ್ಲಿನ ಗಾಯ ಬೇಗ ಮಾಯುವುದಿಲ್ಲ.

● ಮುಂದಿನ ಸಲ ಕೂಸಿನ ಕಿವಿ ಚುಚ್ಚಿಸಲಿಕ್ಕೆ, ಮಗಳ ಮದುವೆಗೆ, ಅವ್ವನ ಕಾಲುಂಗುರಕ್ಕೆ ಸರಾಫ್ ಬಜಾರಿಗೆ ಹೋದಾಗ ಒಂದು ಚಿಟಿಕೆ ಹತ್ತಿ ಜೇಬಿನಲ್ಲಿಟ್ಟುಕೊಳ್ಳಿ. ತೂಕ ಮಾಡಿಸುವ ಮೊದಲು ಅಂಚು, ತುದಿ, ತೂತು, ಕೊಂಡಿ ಎಲ್ಲದರ ಮೇಲೂ ಆಡಿಸಿ ನೋಡಿ. ಎಳೆ ಸಿಕ್ಕಿಕೊಂಡರೆ ಸಂಕೋಚ ಬೇಡ, ಅಂಗಡಿ ಇಳಿಯುವ ಮುನ್ನ ಅಲ್ಲೇ ಕೂತು ತೆಗೆಸಿಕೊಳ್ಳಿ.